ಜ್ಯೂರಿಕ್‌ನಲ್ಲಿ ನಾವೂ ಸರ್ಕಾರವೂ ಸಾಲ ಕೇಳಿದ್ದು

ಹೆಬ್ಬಾಳ

ಸಾಲ ಕೇಳುವುದಕ್ಕೆ ವಿಮಾನ ಹತ್ತಬೇಕಾಗುತ್ತದೆ ಎಂಬುದು ನನಗೆ ನಲವತ್ತೊಂದು ವರ್ಷದವರೆಗೆ ಗೊತ್ತಿರಲಿಲ್ಲ. ನಮ್ಮ ಮನೆಗೆ ಸಾಲ ಕೇಳಲು ಬರುವವರು ಹಿತ್ತಲ ಬಾಗಿಲಿಗೆ ಬರುತ್ತಿದ್ದರು. ನಾವು ಕೇಳಬೇಕಾದಾಗಲೂ ಹಿತ್ತಲ ಬಾಗಿಲಿಗೇ ಹೋಗುತ್ತಿದ್ದೆವು. ಎಂಬತ್ತರ ದಶಕದ ನಡುವಿನ ಒಂದು ವರ್ಷ, ದೀಪಾವಳಿ ಮುಗಿದ ವಾರದಲ್ಲಿ, ನಾನು ರೇಷ್ಮೆ ಸೀರೆ ಉಟ್ಟು, ಅದರ ಮೇಲೆ ಗಂಡನ ಸ್ವೆಟರ್ ಹಾಕಿಕೊಂಡು ಸ್ವಿಟ್ಜರ್ಲೆಂಡಿಗೆ ಸಾಲ ಕೇಳಲು ಹೋದೆ.

ನಾನು ಎಂಜಿನಿಯರ್. ಯಶವಂತಪುರ ದಾಟಿ ತುಮಕೂರು ರಸ್ತೆಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜುಗಳಿಗೆ ಬೇಕಾದ ಎಲೆಕ್ಟ್ರಾನಿಕ್ ಬೋರ್ಡುಗಳನ್ನು ಮಾಡುವ ಕಂಪನಿಯೊಂದರಲ್ಲಿ ಪರೀಕ್ಷಾ ವಿಭಾಗ ನನ್ನ ಕೈಕೆಳಗಿತ್ತು. ಹೊಸ ಮಾದರಿಯ ಬೋರ್ಡು ಮಾಡಲು ಹೊಸ ಯಂತ್ರಗಳು ಬೇಕಾಗಿದ್ದವು. ಯಂತ್ರ ಬಂದರೆ ದೊಡ್ಡ ಆರ್ಡರು ಬರುತ್ತಿತ್ತು. ಆರ್ಡರು ಬಂದರೆ ನನ್ನ ವಿಭಾಗದಲ್ಲಿ ತಾತ್ಕಾಲಿಕವಾಗಿ ಇದ್ದ ಇಪ್ಪತ್ತೆರಡು ಹೆಣ್ಣುಮಕ್ಕಳ ಕೆಲಸ ಖಾಯಂ ಆಗುತ್ತಿತ್ತು. ಬರದಿದ್ದರೆ ಏನಾಗುತ್ತದೆ ಎಂದು ನಮ್ಮ ಎಂ.ಡಿ. ಶ್ರೀನಿವಾಸಯ್ಯನವರು ಯಾರಿಗೂ ಹೇಳಿರಲಿಲ್ಲ. ಹೇಳದೆಯೂ ಎಲ್ಲರಿಗೂ ಗೊತ್ತಿತ್ತು.

ಯಂತ್ರಗಳು ಹೊರದೇಶದವು, ಹಣವೂ ಹೊರದೇಶದ್ದೇ ಬೇಕಿತ್ತು. ಜ್ಯೂರಿಕ್‌ನ ಒಂದು ಬ್ಯಾಂಕು ನಮ್ಮ ಕಂಪನಿಯ ಹೆಸರಿನಲ್ಲಿ ಸಾಲಪತ್ರಗಳನ್ನು ಅಚ್ಚು ಹಾಕಿಸಿ ತನ್ನ ಗ್ರಾಹಕರಿಗೆ ಮಾರಿಕೊಡಬಹುದೆಂದು ತಿಳಿಸಿತ್ತು. ಆದರೆ ಬಂದು ಮಾತಾಡಿ, ಯಂತ್ರದ ವಿಷಯ ಬಲ್ಲವರೊಬ್ಬರನ್ನು ಕರೆತನ್ನಿ ಎಂದಿತ್ತು. ಹಣಕಾಸಿನ ಮ್ಯಾನೇಜರ್ ಅಬ್ದುಲ್ ಖಾದರ್ ಸಾಹೇಬರು ಹೊರಟರು. ಯಂತ್ರದ ವಿಷಯ ಬಲ್ಲವಳೆಂದು ನಾನು ಹೊರಟೆ.

ಖಾದರ್ ಸಾಹೇಬರದು ಆರ್.ಟಿ. ನಗರ. ನಾನು ಮದುವೆಯಾಗಿ ಬಂದದ್ದು ಅದರ ಹಿಂದಿನ ಮಠದಹಳ್ಳಿಗೆ. ಆದರೆ ಅವರು ಅಪ್ಪಣೆ ಕೇಳಲು ಹೋದದ್ದು ಹೆಬ್ಬಾಳದಲ್ಲಿದ್ದ ನನ್ನ ತಾಯಿಯ ಬಳಿಗೆ. ನಾನಿಲ್ಲದಾಗ ನನ್ನ ಮಗಳನ್ನು ನೋಡಿಕೊಳ್ಳಬೇಕಾದವಳು ಅವಳೇ. ಅಮ್ಮ ಅವರೆಕಾಯಿ ಸುಲಿಯುತ್ತ ಎಲ್ಲ ಕೇಳಿಸಿಕೊಂಡಳು.

"ಅಷ್ಟ್ ದೂರ ಯಾಕ್ ಓಗ್ಬೇಕು ಸಾಯೇಬ್ರೆ? ಇಲ್ಲಿ ಬ್ಯಾಂಕ್ ಇಲ್ವಾ?"

"ಇಲ್ಲಿ ಬ್ಯಾಂಕ್ ದುಡ್ಡನ್ನ ಮೊದ್ಲು ಸರ್ಕಾರ ತಗೊಳ್ಳುತ್ತಮ್ಮ. ಮಿಕ್ಕಿದ್ದು ನಮ್ಗೆ. ಮಿಕ್ಕೋದು ಸ್ವಲ್ಪಾನೇ," ಎಂದರು ಖಾದರ್ ಸಾಹೇಬರು. "ಅದಕ್ಕೆ ಸರ್ಕಾರ ಇಲ್ಲದ ಕಡೆ ಹೋಗಿ ಕೇಳೋಣ ಅಂತ."

"ಸರ್ಕಾರ ಇಲ್ದಿರೋ ಊರೂ ಐತಾ?"

"ಇದೆ ಅಂತ ಅಂದ್ಕೊಂಡಿದೀವಿ."

ಅಮ್ಮ ಒಪ್ಪಿಗೆ ಕೊಟ್ಟಳು. ಖಾದರ್ ಸಾಹೇಬರಿಗೆ ಒಂದು ಚೀಲ ಅವರೆಕಾಯಿಯನ್ನೂ ಕೊಟ್ಟಳು.

ಜ್ಯೂರಿಕ್, ಸಾಮಾನು ಬರುವ ಜಾಗ

ವಿಮಾನ ಇಳಿದ ಮೇಲೆ ಪೆಟ್ಟಿಗೆಗಳು ರಬ್ಬರ್ ಪಟ್ಟಿಯ ಮೇಲೆ ಸುತ್ತಿಕೊಂಡು ಬರುತ್ತಿದ್ದವು. ಯಾರೂ ನುಗ್ಗುತ್ತಿರಲಿಲ್ಲ. ಯಾರೂ ಮಾತಾಡುತ್ತಲೂ ಇರಲಿಲ್ಲ. ನಮ್ಮವು ಬಂದವು. ಜನರೆಲ್ಲ ಹೋದ ಮೇಲೂ ಮಂಕಿ ಕ್ಯಾಪು ಹಾಕಿಕೊಂಡ ಒಬ್ಬರು ಖಾಲಿ ಪಟ್ಟಿಯನ್ನೇ ನೋಡುತ್ತ ನಿಂತಿದ್ದರು. ಐವತ್ತು ದಾಟಿದ ವಯಸ್ಸು. ಮೈಮೇಲೆ ಕೈಹೆಣಿಗೆಯ ಸ್ವೆಟರು, ಕೈಯಲ್ಲಿ ಒಂದು ಫೈಲು. ಅವರು ತಮ್ಮಷ್ಟಕ್ಕೆ ತಾವೇ "ಥೂ, ಎಲ್ಲಿಗೋಯ್ತೋ" ಅಂದದ್ದು ಕೇಳಿಸಿ ನಾವಿಬ್ಬರೂ ತಿರುಗಿದೆವು.

"ಬೆಂಗಳೂರಾ ಸರ್?" ಎಂದೆ.

"ಹೌದು. ಸಂಜಯನಗರ. ನೀವು?"

"ಮಠದಹಳ್ಳಿ. ಇವರು ಆರ್.ಟಿ. ನಗರ."

"ಓ, ಹತ್ರಾನೇ," ಎಂದರು ಅವರು. ಆಮೇಲೆ ಮೂವರೂ ಸ್ವಲ್ಪ ಹೊತ್ತು ಮೇಖ್ರಿ ಸರ್ಕಲ್‌ನಲ್ಲಿ ಬಸ್ಸು ನಿಲ್ಲಿಸದೆ ಹೋಗುವ ಬಗ್ಗೆ ಮಾತಾಡಿದೆವು. ಆಲ್ಪ್ಸ್ ಪರ್ವತ ಕಿಟಕಿಯಾಚೆ ಇತ್ತಂತೆ, ನಾವು ನೋಡಲಿಲ್ಲ.

ಅವರ ಹೆಸರು ರಾಮಸ್ವಾಮಿ. ಅವರ ಪೆಟ್ಟಿಗೆ ನೈರೋಬಿಗೆ ಹೋಗಿತ್ತು. ಕೌಂಟರಿನಲ್ಲಿದ್ದ ಹುಡುಗಿ ಅದನ್ನು ಒಳ್ಳೆಯ ಸುದ್ದಿಯ ಹಾಗೆ ಹೇಳಿದಳು, ಎಲ್ಲಿದೆ ಎಂದಾದರೂ ಗೊತ್ತಾಯಿತಲ್ಲ ಎಂದು. ಯಾವ ಕೆಲಸದ ಮೇಲೆ ಬಂದಿರಿ ಎಂದು ಅವರು ಕೇಳಿದರು. ಖಾದರ್ ಸಾಹೇಬರು "ಸ್ವಲ್ಪ ಆಫೀಸ್ ಕೆಲ್ಸ" ಎಂದರು. ರಾಮಸ್ವಾಮಿಯವರೂ "ನಂದೂ ಅದೇ" ಎಂದರು. ಇಳಿದುಕೊಳ್ಳುವ ಜಾಗದ ಚೀಟಿ ತೆಗೆದು ನೋಡಿದರೆ ಇಬ್ಬರದೂ ಒಂದೇ ವಿಳಾಸ. ದೇಶ ಬಿಡುವಾಗ ಕೈಗೆ ಸಿಗುತ್ತಿದ್ದ ವಿದೇಶಿ ಹಣ ಅಷ್ಟು ಕಡಿಮೆ ಇರುತ್ತಿತ್ತು. ಅಷ್ಟರಲ್ಲಿ ಉಳಿಯಬಹುದಾದ ಮನೆ ಆ ಊರಿನಲ್ಲಿ ಒಂದೇ ಇತ್ತೋ ಏನೋ.

ಹೂಬರಮ್ಮನ ಮನೆ

ಟ್ರಾಮಿನ ಕೊನೆಯ ನಿಲ್ದಾಣದಲ್ಲಿ ಇಳಿದು ಗುಡ್ಡ ಹತ್ತಿದರೆ ಆ ಮನೆ. ಮನೆಯೊಡತಿ ಹಲ್ಲಿನ ಡಾಕ್ಟರೊಬ್ಬರ ವಿಧವೆ. ಹೂಬರ್ ಎಂದು ಹೆಸರು. ಖಾದರ್ ಸಾಹೇಬರು ಮೊದಲ ದಿನವೇ ಹೂಬರಮ್ಮ ಎಂದು ಕರೆದರು. ಆಕೆ ಎರಡು ಸಲ ತಿದ್ದಿ, ಮೂರನೆಯ ಸಲ ಒಪ್ಪಿಕೊಂಡರು. ಇಂಗ್ಲಿಷು ಸ್ವಲ್ಪ ಬರುತ್ತಿತ್ತು. ಬಾರದ ಕಡೆ ಕೈಬೆರಳಿನಿಂದ ತೋರಿಸುತ್ತಿದ್ದರು. ಹೆಚ್ಚಾಗಿ ತೋರಿಸುತ್ತಿದ್ದದ್ದು ಗೋಡೆಯ ಮೇಲಿನ ನಿಯಮಗಳ ಪಟ್ಟಿಯನ್ನು.

ಜರ್ಮನ್ ಭಾಷೆಯ ಆ ಪಟ್ಟಿ ಓದಲು ಬಾರದೆ ನಾನು ಮೊದಲ ಬೆಳಿಗ್ಗೆಯೇ ಸೀರೆ ಒಗೆದು ಕಿಟಕಿಯಿಂದ ಹೊರಗೆ ಇಳಿಬಿಟ್ಟೆ. ಹೆಬ್ಬಾಳದಲ್ಲಿ ಒಗೆದ ಬಟ್ಟೆ ಬಿಸಿಲು ನೋಡದಿದ್ದರೆ ಒಗೆದ ಹಾಗೇ ಅಲ್ಲ. ಆರು ಗಜದ ಸೀರೆ ಎರಡು ಮಹಡಿ ಇಳಿದು ಕೆಳಮನೆಯ ಮುದುಕರ ಹೂಕುಂಡಗಳ ಮೇಲೆ ನೀರು ತೊಟ್ಟಿಕ್ಕಿಸಿತು. ಅವರು ಕೂಗಾಡಲಿಲ್ಲ. ಬಾಗಿಲು ಬಡಿಯಲಿಲ್ಲ. ಒಂದು ಕಾಗದ ಬರೆದು ಲಕೋಟೆಗೆ ಹಾಕಿ, ಅಂಚೆಚೀಟಿ ಅಂಟಿಸಿ, ಅಂಚೆಗೆ ಹಾಕಿದರು. ಅದು ಮಾರನೆಯ ದಿನ ಅದೇ ಮನೆಗೆ ಬಂತು. ಹೂಬರಮ್ಮ ಅದನ್ನು ನನಗೆ ಓದಿ ಹೇಳಿದರು: ಈ ಮನೆಯಲ್ಲಿ ಬಟ್ಟೆ ಒಗೆಯುವ ದಿನ ಮಂಗಳವಾರ, ಬಣ್ಣ ಮಾತ್ರ ಚೆನ್ನಾಗಿದೆ.

ಇನ್ನೊಂದು ವಿಷಯ ರಸ್ತೆ ದಾಟುವುದು. ಎಡಕ್ಕೂ ಬಲಕ್ಕೂ ಕಣ್ಣು ಹಾಯುವಷ್ಟು ದೂರ ಒಂದು ಸೈಕಲ್ಲೂ ಇಲ್ಲ. ಆದರೂ ಕೆಂಪು ದೀಪಕ್ಕೆ ಹತ್ತು ಜನ ನಿಂತಿರುತ್ತಿದ್ದರು. ಯಶವಂತಪುರದ ರೈಲ್ವೆ ಗೇಟಿನಲ್ಲಿ ರೈಲು ಕಾಣಿಸುತ್ತಿರುವಾಗಲೇ ಸೈಕಲ್ಲನ್ನು ಓರೆ ಮಾಡಿ ನುಸುಳುವವರ ನಡುವೆ ಇಪ್ಪತ್ತು ವರ್ಷ ಓಡಾಡಿದವಳು ನಾನು. ಖಾದರ್ ಸಾಹೇಬರು ಒಮ್ಮೆ ದಾಟಿಬಿಟ್ಟರು. ಯಾರೂ ಏನೂ ಅನ್ನಲಿಲ್ಲ. ಆಚೆ ದಡದಲ್ಲಿ ಒಬ್ಬರೇ ನಿಂತು ನಾವು ಬರುವವರೆಗೆ ಕಾದರು. ಆ ಒಂದು ನಿಮಿಷ ಬಹಳ ಉದ್ದವಿತ್ತೆಂದು ಆಮೇಲೆ ಹೇಳಿದರು.

ರಾಮಸ್ವಾಮಿಯವರು ಮಾಂಸ ಮೊಟ್ಟೆ ಮುಟ್ಟದವರು. ಮೂರು ಹೊತ್ತೂ ಬ್ರೆಡ್ಡು, ಬೆಣ್ಣೆ, ಸೇಬು. ಹೂಬರಮ್ಮ ಅವರಿಗೆ ಏನೋ ಕಾಯಿಲೆ ಎಂದು ತಿಳಿದು ದಿನವೂ ಒಂದು ಸೇಬು ಹೆಚ್ಚಿಗೆ ಇಡುತ್ತಿದ್ದರು.

ಬ್ಯಾಂಕಿನ ಕಾಯುವ ಕೋಣೆ

ಶುಕ್ರವಾರ ಬೆಳಿಗ್ಗೆ ಬ್ಯಾಂಕಿಗೆ ಹೋದೆವು. ಹೊರಗೆ ಬೋರ್ಡು ಅಂಗೈಯಷ್ಟು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಬೋರ್ಡು ಸೈಕಲ್ ಶಾಪಿಗಿರುತ್ತದೆ. ಕಾಯುವ ಕೋಣೆಯಲ್ಲಿ ದಪ್ಪ ರತ್ನಗಂಬಳಿ ಹಾಸಿತ್ತು, ಹೆಜ್ಜೆಯ ಸದ್ದೂ ಆಗುತ್ತಿರಲಿಲ್ಲ. ನಮಗಿಂತ ಮೊದಲೇ ಇಬ್ಬರು ಕೂತಿದ್ದರು. ಅಮೆರಿಕದ ಯಾವುದೋ ಕಂಪ್ಯೂಟರ್ ಕಂಪನಿಯವರು. ಅವರು ಸಾಲ ಕೇಳಲು ಬಂದವರ ಹಾಗಿರಲಿಲ್ಲ, ಕೊಡಲು ಬಂದವರ ಹಾಗಿದ್ದರು. ಮೂಲೆಯಲ್ಲಿ ಬಿಳಿಗೂದಲಿನ ಒಬ್ಬರು ಪತ್ರಿಕೆ ಓದುತ್ತಿದ್ದರು. ಉತ್ತರದ ಯಾವುದೋ ಶೀತ ದೇಶದ ಸರ್ಕಾರದವರೆಂದು ಆಮೇಲೆ ತಿಳಿಯಿತು.

ಐದು ನಿಮಿಷದ ನಂತರ ಬಾಗಿಲು ತೆರೆದು ಮಂಕಿ ಕ್ಯಾಪು ಒಳಗೆ ಬಂತು.

"ಓ," ಎಂದರು ಖಾದರ್ ಸಾಹೇಬರು.

"ಓ," ಎಂದರು ರಾಮಸ್ವಾಮಿಯವರು. ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ಫೈಲನ್ನು ತೊಡೆಯ ಮೇಲೆ ಬೋರಲು ಹಾಕಿದರು. ಅದರ ಹಿಂಬದಿಯಲ್ಲೂ ಸರ್ಕಾರದ ಮುದ್ರೆಯಿತ್ತು.

"ಯಾವುದಕ್ಕೆ ಸರ್?" ಎಂದೆ.

"ಕರೆಂಟ್ ಯೋಜನೆಗಮ್ಮ. ಯಂತ್ರ ತರಿಸ್ಬೇಕು. ದೆಹಲಿ ಗ್ಯಾರಂಟಿ ಕೊಟ್ಟಿದೆ. ನೀವು?"

"ನಾವೂ ಯಂತ್ರಕ್ಕೇ."

ಖಾದರ್ ಸಾಹೇಬರು ಕಣ್ಣು ಮುಚ್ಚಿಕೊಂಡರು. ಸರ್ಕಾರ ಇಲ್ಲದ ಊರು ಹುಡುಕಿಕೊಂಡು ಬಂದ ಮನುಷ್ಯ ಅವರು.

ಬ್ಯಾಂಕಿನ ಅಧಿಕಾರಿ ಕೆಲ್ಲರ್ ಎಂಬವರು. ನಲವತ್ತರ ವಯಸ್ಸು, ಮೆಲುದನಿ. ಅಮೆರಿಕದವರನ್ನೂ ಬಿಳಿಗೂದಲಿನವರನ್ನೂ ಮೊದಲು ಒಳಗೆ ಕರೆದರು. ನಮ್ಮ ಸರದಿ ಬಂದಾಗ, ಅಡ್ಡಿಯಿಲ್ಲದಿದ್ದರೆ ಮೂವರೂ ಒಟ್ಟಿಗೆ ಬನ್ನಿ, ಹೇಳಬೇಕಾದ ಮಾತು ಇಬ್ಬರಿಗೂ ಒಂದೇ, ಎಂದರು. ಮಾತು ಸರಳವಾಗಿತ್ತು. ಅವರ ಗ್ರಾಹಕರು ತಮ್ಮ ಉಳಿತಾಯದಿಂದ ಸಾಲಪತ್ರ ಕೊಳ್ಳುವವರು. ಪ್ರತಿ ಚಳಿಗಾಲದ ಮೊದಲು ಲೋಕದ ಸರ್ಕಾರಗಳೂ ಕಂಪ್ಯೂಟರು, ಟೆಲಿಫೋನು ಮಾಡುವ ಕಂಪನಿಗಳೂ ಅದೇ ಉಳಿತಾಯಕ್ಕೆ ಕೈಚಾಚುತ್ತವೆ. ಉಳಿತಾಯ ಮಾತ್ರ ಇದ್ದಷ್ಟೇ ಇರುತ್ತದೆ.

"ಭಾರತದ ಹೆಸರಿರುವ ಕಾಗದವನ್ನು ಈ ಸಲ ಒಂದೇ ಮಾರಬಲ್ಲೆ," ಎಂದರು. "ಎರಡು ತಂದರೆ ಎರಡನ್ನೂ ಅನುಮಾನಿಸುತ್ತಾರೆ. ಸೋಮವಾರ ಇಬ್ಬರೂ ಬೇರೆ ಬೇರೆ ಬನ್ನಿ. ನಿಮ್ಮಿಬ್ಬರಿಗೂ ಮೊದಲೇ ಪರಿಚಯವಿದೆಯೆ?"

"ಒಂದೇ ಮನೇಲಿದೀವಿ," ಎಂದರು ಖಾದರ್ ಸಾಹೇಬರು.

"ಒಂದೇ ಕುಟುಂಬದವರೆ?"

"ಅಲ್ಲ. ಇವರು ಸರ್ಕಾರ."

ಭಾನುವಾರ, ಊಟದ ಮೇಜು

ಭಾನುವಾರ ಆ ಊರಿನಲ್ಲಿ ಏನೂ ನಡೆಯುವುದಿಲ್ಲ. ಅಂಗಡಿ ಮುಚ್ಚಿರುತ್ತದೆ, ರಸ್ತೆಯಲ್ಲಿ ಜನರಿಲ್ಲ, ಮೊಳೆ ಹೊಡೆಯುವುದು ಕೂಡ ನಿಷಿದ್ಧ. ನಾವು ಮೂವರೂ ಊಟದ ಮೇಜಿನ ಸುತ್ತ ಕೂತಿದ್ದೆವು. ಶುಕ್ರವಾರದಿಂದ ನಮ್ಮ ನಡುವೆ ಮಾತು ಸ್ವಲ್ಪ ಕಡಿಮೆಯಾಗಿತ್ತು, ಸೌಜನ್ಯ ಸ್ವಲ್ಪ ಹೆಚ್ಚಾಗಿತ್ತು.

ಹೂಬರಮ್ಮ ಒಂದು ತಗಡಿನ ಡಬ್ಬಿಯನ್ನೂ ಕತ್ತರಿಯನ್ನೂ ತಂದರು. ಡಬ್ಬಿಯಲ್ಲಿ ಚಿತ್ತಾರದ ಅಂಚಿನ ದೊಡ್ಡ ಕಾಗದಗಳು. ಪ್ರತಿ ಕಾಗದದ ಕೆಳಗೆ ಅಂಚೆಚೀಟಿಯಂಥ ಸಣ್ಣ ಚೌಕಗಳು. ಆಕೆ ಒಂದೊಂದು ಚೌಕವನ್ನು ನೇರವಾಗಿ ಕತ್ತರಿಸಿ ಲಕೋಟೆಗೆ ಹಾಕತೊಡಗಿದರು. ಅದನ್ನು ಬ್ಯಾಂಕಿಗೆ ಕೊಟ್ಟರೆ ಬಡ್ಡಿ ಸಿಗುತ್ತದಂತೆ.

ಖಾದರ್ ಸಾಹೇಬರು ಹಣಕಾಸಿನಲ್ಲಿ ಮೂವತ್ತು ವರ್ಷ ಕಳೆದವರು. ಸಾಲಪತ್ರ ಕೊಳ್ಳುವವರನ್ನು ಎದುರಿಗೆ ಕೂತು ನೋಡಿದ್ದು ಅದೇ ಮೊದಲು. ಅವರು ನಿಧಾನವಾಗಿ ಕನ್ನಡಕ ಹಾಕಿಕೊಂಡರು. ಡಬ್ಬಿಯಲ್ಲಿ ಮೂರು ದೇಶಗಳ ಸರ್ಕಾರಗಳಿದ್ದವು, ಒಂದು ರೈಲ್ವೆ ಇತ್ತು, ಒಂದು ಔಷಧಿ ಕಂಪನಿ, ಒಂದು ಕಂಪ್ಯೂಟರ್ ಕಂಪನಿ.

ನಾವು ಏಕೆ ಬಂದಿದ್ದೇವೆಂದು ಆಕೆಗೆ ಅಷ್ಟರಲ್ಲಿ ಗೊತ್ತಾಗಿತ್ತು. ಕತ್ತರಿ ಕೆಳಗಿಟ್ಟು ಕೇಳಿದರು: "ನನ್ನಲ್ಲಿ ಒಂದು ಕಾಗದಕ್ಕೆ ಸಾಕಾಗುವಷ್ಟು ಹಣ ಉಳಿದಿದೆ. ಯಾರದನ್ನು ಕೊಳ್ಳಲಿ?"

"ಸರ್ಕಾರದ್ದು," ಎಂದರು ರಾಮಸ್ವಾಮಿಯವರು. "ಸರ್ಕಾರ ಎಲ್ಲಿಗೂ ಓಡಿಹೋಗೋದಿಲ್ಲ."

ಹೂಬರಮ್ಮ ಎದ್ದು ಬೀರುವಿನ ಬಾಗಿಲು ತೆರೆದು ತೋರಿಸಿದರು. ಒಳಬದಿಗೆ ಗೋಡೆಕಾಗದದ ಹಾಗೆ ಹಳೆಯ ಸಾಲಪತ್ರಗಳನ್ನು ಅಂಟಿಸಿತ್ತು. ಅವರ ಮಾವ ಕೊಂಡಿದ್ದು. ಹೊರಡಿಸಿದ್ದು ಒಂದು ಸಾಮ್ರಾಜ್ಯ. ಆ ಸಾಮ್ರಾಜ್ಯ ಈಗ ಇಲ್ಲ. ಕಾಗದ ಗಟ್ಟಿಯಾಗಿದೆ, ಜಿರಳೆ ಬರುವುದಿಲ್ಲ ಎಂದರು.

ಖಾದರ್ ಸಾಹೇಬರಿಗೆ ಅವಕಾಶ ಕಾಣಿಸಿತು. "ನಮ್ಮದ್ರಲ್ಲಿ ಕಟ್ಟಡ ಇದೆ, ಯಂತ್ರ ಇದೆ. ದುಡ್ಡು ಬರ್ಲಿಲ್ಲ ಅಂದ್ರೆ ಯಂತ್ರ ತಗೊಂಡ್ಹೋಗ್ಬಹುದು."

"ಇಟ್ಟುಕೊಳ್ಳುವುದೆಲ್ಲಿ?" ಎಂದು ಹೂಬರಮ್ಮ ಅಡಿಗೆಮನೆಯ ಕಡೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. "ನೀವಾದರೆ ಯಾರಿಗೆ ಕೊಡುತ್ತೀರಿ?"

ನನ್ನಲ್ಲಿ ಹಣವಿದ್ದರೆ ನಾನು ಚೀಟಿ ಹಾಕುತ್ತೇನೆ ಎಂದೆ. ಚೀಟಿ ಎಂದರೇನೆಂದು ಹೇಳಬೇಕಾಯಿತು. ನನ್ನ ವಿಭಾಗದ ಹೆಣ್ಣುಮಕ್ಕಳು ತಿಂಗಳಿಗೊಮ್ಮೆ ಊಟದ ಬಿಡುವಿನಲ್ಲಿ ಸೇರುತ್ತಾರೆ. ಎಲ್ಲರೂ ಒಂದಿಷ್ಟು ಹಾಕುತ್ತಾರೆ, ತೀರಾ ಅಗತ್ಯವಿದ್ದವರು ಕೂಗಿ ಎತ್ತಿಕೊಳ್ಳುತ್ತಾರೆ. ಎತ್ತಿಕೊಂಡವರು ಕಂತು ತಪ್ಪಿಸುವುದಿಲ್ಲ, ಮಾರನೆಯ ದಿನ ಅದೇ ಬೆಂಚಿನ ಮೇಲೆ ಕೂರಬೇಕಲ್ಲ. ಹೂಬರಮ್ಮ ಬಹಳ ಆಸಕ್ತಿಯಿಂದ ಕೇಳಿದರು. ಓಡಿಹೋದವರು ಇದ್ದಾರೆಯೆ ಎಂದರು. ಒಬ್ಬಳಿದ್ದಳು, ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಹೋದವಳು, ಅಲ್ಲಿಂದ ಮನಿಯಾರ್ಡರ್ ಮಾಡಿದಳು ಎಂದೆ.

"ನಿಮ್ಮ ಮೂವರ ಮುಖ ನೋಡಿ ಕೊಡುವುದಾದರೆ ಮೂವರಿಗೂ ಕೊಡುತ್ತಿದ್ದೆ," ಎಂದರು ಆಕೆ. "ಆದರೆ ಬ್ಯಾಂಕು ಮುಖ ಮಾರುವುದಿಲ್ಲ." ಮತ್ತೆ ಕತ್ತರಿ ಎತ್ತಿಕೊಂಡರು.

ಸಂಜೆ ರಾಮಸ್ವಾಮಿಯವರು ಸ್ವೆಟರನ್ನು ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದರು. ಮೊಣಕೈ ಹತ್ತಿರ ಎಳೆ ಬಿಟ್ಟಿತ್ತು. ಪೆಟ್ಟಿಗೆ ಇನ್ನೂ ನೈರೋಬಿಯಲ್ಲಿತ್ತು, ಕೋಟು ಪೆಟ್ಟಿಗೆಯಲ್ಲಿತ್ತು. ಖಾದರ್ ಸಾಹೇಬರು ತಮ್ಮ ಕೋಣೆಗೆ ಹೋಗಿ ಎರಡನೆಯ ಕೋಟು ತಂದರು. ಹಿರಿಮಗಳ ನಿಕಾಹ್‌ಗೆ ಹೊಲಿಸಿದ್ದು. ಕಪ್ಪು ಬಣ್ಣ, ಒಳ್ಳೆಯ ಬಟ್ಟೆ.

"ನಾಳೆ ಹಾಕ್ಕೊಳ್ಳಿ."

"ಬೇಡ ಸಾಹೇಬ್ರೇ, ಹೇಗೋ ಆಗುತ್ತೆ."

"ಆ ಸ್ವೆಟರ್‌ನಲ್ಲಿ ಹೋದ್ರೆ ಸರ್ಕಾರದ ಮರ್ಯಾದೆ ಏನಾಗ್ಬೇಕು? ನಂದೂ ಸರ್ಕಾರಾನೇ ಅದು."

ಕೋಟು ಹಿಡಿದು ರಾಮಸ್ವಾಮಿಯವರು ಹೋದ ಮೇಲೆ ನಾನು ಕೇಳಿದೆ: "ಸರ್, ಅವರು ನಮ್ಮ ಎದುರಾಳಿ ಅಲ್ವಾ?"

"ಹೌದಮ್ಮ. ಎದುರಾಳಿಗೆ ಚಳಿ ಆಗಲ್ವಾ?"

ಸೋಮವಾರ, ಕೆಲ್ಲರ್ ಕೋಣೆ

ರಾಮಸ್ವಾಮಿಯವರದು ಬೆಳಿಗ್ಗೆ, ನಮ್ಮದು ಮಧ್ಯಾಹ್ನ. ಅವರು ಕೆಲ್ಲರ್ ಕೋಣೆಯಿಂದ ಹೊರಬರುವಾಗ ಎದುರಾದೆವು. ಕೋಟು ಭುಜದಲ್ಲಿ ಸ್ವಲ್ಪ ಬಿಗಿಯಾಗಿತ್ತು. ಮದುವೆಯಲ್ಲಿ ಹಚ್ಚಿದ್ದ ಅತ್ತರು ಇನ್ನೂ ಕೋಟಿನಲ್ಲಿತ್ತು, ಕಾಯುವ ಕೋಣೆಯ ತುಂಬ ಅದರ ಪರಿಮಳ.

"ಹೇಗಾಯ್ತು?" ಎಂದರು ಖಾದರ್ ಸಾಹೇಬರು.

"ಕಟ್ಟೋದು ಎಷ್ಟು ವರ್ಷ ತಗೊಳ್ಳುತ್ತೆ ಅಂತ ಮೂರು ಸಲ ಕೇಳಿದ್ರು," ಎಂದರು ಅವರು. ಕೋಟು ಬಿಚ್ಚಿ, ಮಡಿಸಿ, ಎರಡು ಕೈಯಲ್ಲೂ ಹಿಡಿದು ಹಿಂತಿರುಗಿಸಿದರು.

ಒಳಗೆ ಮೊದಲ ಒಂದು ಗಂಟೆ ಖಾದರ್ ಸಾಹೇಬರದು. ಅವರು ಸೊಗಸಾಗಿ ಮಾತಾಡಿದರು. ಕೆಲ್ಲರ್ ಬರೆದುಕೊಂಡರು. ಆಮೇಲೆ ಯಂತ್ರದ ಬಗ್ಗೆ ನನ್ನನ್ನು ಕೇಳಿದರು. ಹೇಳಿದೆ. ನನಗೆ ಇಷ್ಟವಾದ ವಿಷಯ, ಹೇಳುವುದು ಕಷ್ಟವಾಗಲಿಲ್ಲ. ಟ್ರಾಮಿನಲ್ಲಿ ಬರುವಾಗ ಖಾದರ್ ಸಾಹೇಬರು ಒಂದೇ ಒಂದು ಬುದ್ಧಿಮಾತು ಹೇಳಿದ್ದರು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ ಎಂದು. ಹಾಗೆಯೇ ಮಾಡಿದೆ.

ಕೆಲ್ಲರ್ ನಮ್ಮ ಕಂಪನಿಯ ಪುಸ್ತಿಕೆಯ ಒಂದು ಪುಟ ತೆರೆದರು. "ಇಲ್ಲಿ ದಿನಕ್ಕೆ ಎರಡು ಪಾಳಿ ಎಂದಿದೆ. ಕಳೆದ ಬೇಸಿಗೆಯಲ್ಲಿ ನಿಮ್ಮ ವಿಭಾಗ ಎರಡು ಪಾಳಿ ನಡೆಯಿತೆ?"

ಖಾದರ್ ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು.

ಕಳೆದ ಬೇಸಿಗೆಯಲ್ಲಿ ನಮ್ಮಲ್ಲಿ ಒಂದು ಪಾಳಿಯೂ ಪೂರ್ತಿ ನಡೆದಿರಲಿಲ್ಲ. ಬೆಳಿಗ್ಗೆ ಕರೆಂಟು ಹೋದರೆ ಹೆಣ್ಣುಮಕ್ಕಳು ಬೇವಿನ ಮರದ ಕೆಳಗೆ ಕೂತು ಹೂ ಕಟ್ಟುತ್ತಿದ್ದರು. ಜನರೇಟರು ದೀಪಕ್ಕೆ ಸಾಕಾಗುತ್ತಿತ್ತು, ಯಂತ್ರಕ್ಕೆ ಸಾಕಾಗುತ್ತಿರಲಿಲ್ಲ. ದಿನವೂ ಎಷ್ಟು ಗಂಟೆ ನಡೆಯಿತೆಂದು ಬರೆದು ಸಹಿ ಹಾಕುತ್ತಿದ್ದವಳು ನಾನು. ಸುಳ್ಳು ಹೇಳಬಾರದೆಂದು ನಾನು ತೀರ್ಮಾನಿಸಿದೆ ಎಂದು ಬರೆದರೆ ಅದೂ ಸುಳ್ಳೇ. ಒಂದು ಸುಳ್ಳು ಜೋಡಿಸುವುದಕ್ಕೆ ಸ್ವಲ್ಪ ಹೊತ್ತು ಬೇಕಾಗುತ್ತದೆ. ಆ ಮನುಷ್ಯ ನನ್ನ ಮುಖವನ್ನೇ ನೋಡುತ್ತ ಕೂತಿದ್ದರು.

"ಇಲ್ಲ," ಎಂದೆ. "ಅರ್ಧ ಪಾಳಿ. ಕೆಲವು ದಿನ ಅದೂ ಇಲ್ಲ."

"ಕಾರಣ?"

"ಕರೆಂಟ್ ಇರಲಿಲ್ಲ."

ಕೆಲ್ಲರ್ ಬರೆದುಕೊಂಡರು. ತುಂಬ ಸಹಾಯವಾಯಿತು ಎಂದರು. ಎದ್ದು ಕೈಕುಲುಕಿದರು. ಬೆಳಿಗ್ಗೆ ಅದೇ ಕುರ್ಚಿಯಲ್ಲಿ ಕೂತು ಕರೆಂಟಿಗೆ ಸಾಲ ಕೇಳಿದ ಮನುಷ್ಯನ ಅತ್ತರಿನ ಪರಿಮಳ ಇನ್ನೂ ಕೋಣೆಯಲ್ಲಿತ್ತು.

ವಾಪಸಾಗುವಾಗ ಟ್ರಾಮಿನಲ್ಲಿ ಖಾದರ್ ಸಾಹೇಬರು ಮಡಿಸಿದ ಕೋಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಆರನೆಯ ನಿಲ್ದಾಣದಲ್ಲಿ ಹೇಳಿದರು: "ನೀವ್ ಹೇಳಿದ್ದು ಸರೀನೇ ಪದ್ಮಮ್ಮ. ಆದ್ರೆ ಸರಿ ಹೇಳೋಕೆ ಇಷ್ಟ್ ದೂರ ಬರ್ಬೇಕಿರ್ಲಿಲ್ಲ."

ನಾನು ಹೊರಗೆ ನೋಡಿದೆ. ಕಿಟಕಿಯಾಚೆ ಕೊನೆಗೂ ಬೆಟ್ಟಗಳು ಕಾಣಿಸುತ್ತಿದ್ದವು. ಚೆನ್ನಾಗಿದ್ದವು.

ಬುಧವಾರ

ಬುಧವಾರ ಕೆಲ್ಲರ್ ಫೋನು ಮಾಡಿದರು. ಈ ಸಲ ವಿದ್ಯುತ್ ಯೋಜನೆಯ ಕಾಗದ. ನಾವು ಮುಂದಿನ ವರ್ಷ ಬರಬಹುದು, ಅಷ್ಟರಲ್ಲಿ ಪರಿಸ್ಥಿತಿ ಸುಧಾರಿಸಿದ್ದರೆ. ವಿವರವನ್ನು ಟೆಲೆಕ್ಸ್ ಮೂಲಕ ಕಂಪನಿಗೆ ಕಳಿಸುತ್ತೇವೆ ಎಂದರು.

ರಾಮಸ್ವಾಮಿಯವರಿಗೆ ಸಂತೋಷಪಡಲು ಬಹಳ ತೊಂದರೆಯಾಯಿತು. ಸೇಬು ಹೆಚ್ಚುತ್ತ, "ನಿಮ್ಮ ಕಡೆಗೂ ಬರುತ್ತೆ ಕರೆಂಟು," ಎಂದರು. ಯಾವಾಗ ಎಂದು ನಾವು ಕೇಳಲಿಲ್ಲ. ಅಂದೇ ಅವರ ಪೆಟ್ಟಿಗೆ ಬಂತು. ಅದರಲ್ಲಿದ್ದ ಚಟ್ನಿಪುಡಿಯ ಡಬ್ಬಿ ತೆಗೆದು ನಮ್ಮಿಬ್ಬರ ತಟ್ಟೆಗೆ ಹಾಕಿದರು. ಆರು ದಿನದ ಮೇಲೆ ಖಾರ ತಿಂದು ಮೂವರ ಕಣ್ಣಲ್ಲೂ ನೀರು ಬಂತು. ಹೂಬರಮ್ಮ ನಮ್ಮ ಮೂವರನ್ನೂ ನೋಡಿ, ಯಾರಿಗೆ ಸಾಲ ಸಿಕ್ಕಿತು ಯಾರಿಗೆ ಸಿಗಲಿಲ್ಲ ಎಂದು ತಿಳಿಯುತ್ತಿಲ್ಲ ಎಂದರು.

ಯಶವಂತಪುರ

ಎಂ.ಡಿ. ಶ್ರೀನಿವಾಸಯ್ಯನವರು ಇಬ್ಬರನ್ನೂ ಕೂರಿಸಿಕೊಂಡು ಎಲ್ಲ ಕೇಳಿದರು. ಕೋಪಿಸಿಕೊಳ್ಳುವವರಲ್ಲ. ಕೊನೆಗೆ ಕೇಳಿದರು: "ಬೇಸಿಗೇಲಿ ಅರ್ಧ ಪಾಳಿ ಅಂತ ಹೇಳಿದ್ದು ಯಾರು?"

"ನಾನೇ ಸರ್," ಎಂದರು ಖಾದರ್ ಸಾಹೇಬರು.

ನಾನು ಪಕ್ಕದಲ್ಲೇ ಕೂತಿದ್ದೆ. ಬಾಯಿ ತೆರೆದೆ. ಎಂ.ಡಿ. ನನ್ನ ಕಡೆ ನೋಡಿದರು. ನಾನು ಕೆಮ್ಮಿದೆ. ಜ್ಯೂರಿಕ್‌ನ ಚಳಿಗೆ ನಿಜವಾಗಿಯೂ ಕೆಮ್ಮು ಹಿಡಿದಿತ್ತು. ಅಷ್ಟರಲ್ಲಿ ಅವರು ಬೇರೆ ಫೈಲು ತೆಗೆದರು. ನಾವು ಎದ್ದು ಬಂದೆವು.

ಖಾದರ್ ಸಾಹೇಬರಿಗೆ ನಿವೃತ್ತಿಗೆ ಎರಡು ವರ್ಷವಿತ್ತು. ಆ ಮೇಲೆ ಇನ್ನೆರಡು ವರ್ಷ ಮುಂದುವರಿಸುವ ಮಾತೂ ಇತ್ತು. ಇನ್ನೊಬ್ಬ ಮಗಳ ಮದುವೆ ಬಾಕಿ ಇತ್ತು. ಒಂದು ಭಾನುವಾರ ಅವರ ಮನೆಗೆ ಹೋದೆ. ಅವರ ಹೆಂಡತಿ ಚಹಾ ತಂದಿಟ್ಟು, "ಬಹುತ್ ದುಬ್ಲೇ ಹೋಗಯೇ ಬೇಟಾ," ಎಂದರು. ಸೊರಗಿದ್ದೇನಂತೆ.

"ಸರ್, ನಾನೇ ಹೋಗಿ ಎಂ.ಡಿ.ಗೆ ಹೇಳ್ತೀನಿ."

"ಯಾಕೆ? ನಾನು ಕಳ್ಕೊಳ್ಳೋದು ಎರಡು ವರ್ಷ. ನಿಮ್ಮದು ಇನ್ನೂ ಹದಿನೇಳು ವರ್ಷ ಇದೆ. ಲೆಕ್ಕ ನನಗೆ ಬಿಡಿ. ಚಹಾ ಕುಡೀರಿ."

ಕುಡಿದೆ. ಮನೆಗೆ ಬಂದೆ. ಇನ್ನೂ ಮೂರು ದಿನ ಸುಮ್ಮನಿದ್ದೆ. ನಾಲ್ಕನೆಯ ದಿನ ಬೆಳಿಗ್ಗೆ ಎಂ.ಡಿ. ಕೋಣೆಗೆ ಹೋಗಿ, ನಿಂತುಕೊಂಡೇ ಹೇಳಿದೆ: "ಸರ್, ಅರ್ಧ ಪಾಳಿ ಅಂದಿದ್ದು ನಾನು. ಸಾಹೇಬ್ರು ಅಲ್ಲ."

ಅವರು ಡ್ರಾಯರಿನಿಂದ ಒಂದು ಟೆಲೆಕ್ಸ್ ಕಾಗದ ತೆಗೆದು ನನ್ನ ಮುಂದೆ ತಳ್ಳಿದರು. ಕೆಲ್ಲರ್ ಕಳಿಸಿದ್ದು. ಎಂಜಿನಿಯರ್ ಮಹಿಳೆ ವಿದ್ಯುತ್ತಿನ ಬಗ್ಗೆ ಕೊಟ್ಟ ನೇರ ಉತ್ತರಕ್ಕೆ ಬ್ಯಾಂಕು ಆಭಾರಿಯಾಗಿದೆ, ಮುಂದಿನ ವರ್ಷವೂ ಅವರನ್ನೇ ಕಳಿಸಬೇಕು ಎಂದಿತ್ತು. ನಾವು ಬಂದ ನಾಲ್ಕನೆಯ ದಿನದ್ದು. ಅಂದರೆ ಒಂದು ವಾರಕ್ಕೂ ಹಿಂದಿನದು.

"ಇದು ಖಾದರ್ ಸಾಹೇಬ್ರಿಗೆ ಗೊತ್ತಾ ಸರ್?"

"ಟೆಲೆಕ್ಸ್ ಅವರ ಸೆಕ್ಷನ್‌ಗೇ ಬರೋದು. ಅವರೇ ತಂದು ಈ ಮೇಜಿನ ಮೇಲಿಟ್ಟು ಹೋದ್ರು. ಏನೂ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನೀವು ಯಾವಾಗ ಬರ್ತೀರಿ ಅಂತ ನೋಡ್ತಿದ್ದೆ."

ಭಾನುವಾರ ಚಹಾ ಕುಡಿಯುವಾಗ ಆ ಮನುಷ್ಯನಿಗೆ ತನ್ನ ಸುಳ್ಳು ಬಯಲಾಗಿದೆ ಎಂದು ಗೊತ್ತಿತ್ತು. ಆದರೂ, ಲೆಕ್ಕ ನನಗೆ ಬಿಡಿ, ಎಂದಿದ್ದರು.

"ಆರ್ಡರು ಈ ವರ್ಷ ಬರಲ್ಲ," ಎಂದರು ಎಂ.ಡಿ. "ಟೆಂಪೊರರಿ ಹುಡುಗೀರಲ್ಲಿ ಒಂಬತ್ತು ಜನರನ್ನ ಇಟ್ಕೊಳ್ಬಹುದು. ಯಾರನ್ನ ಅಂತ ಪಟ್ಟಿ ನೀವೇ ಮಾಡಿ. ಅವ್ರಿಗೆ ನೀವೇ ಹೇಳಿ."

ಅದು ಶಿಕ್ಷೆಯೋ ನಂಬಿಕೆಯೋ ನಾನು ಕೇಳಲಿಲ್ಲ. ಪಟ್ಟಿ ಮಾಡಲು ಮೂರು ದಿನ ಹಿಡಿಯಿತು. ಯಾರ ಕೈ ಚುರುಕು ಎಂದು ನೋಡಿ ಒಂದು ಬರೆದೆ, ಯಾರ ಮನೆಯಲ್ಲಿ ಇನ್ನೊಂದು ಸಂಬಳವಿಲ್ಲ ಎಂದು ನೋಡಿ ಇನ್ನೊಂದು ಬರೆದೆ. ಎರಡೂ ಪಟ್ಟಿಯಲ್ಲಿ ಹೆಸರುಗಳು ಬೇರೆ ಬೇರೆಯಾಗಿದ್ದವು. ಕೊನೆಗೆ ಕೊಟ್ಟದ್ದು ಎರಡರ ನಡುವಿನದು. ಅದೂ ಸರಿಯಿರಲಿಲ್ಲ.

ಬಿಡುಗಡೆಯಾಗುವ ಹದಿಮೂರು ಜನರಿಗೆ ಕ್ಯಾಂಟೀನಿನಲ್ಲಿ ಹೇಳಿದೆ. ಸಾಲ ಏಕೆ ಸಿಗಲಿಲ್ಲ, ನಾನು ಏನು ಹೇಳಿದೆ, ಯಾರಿಗೆ ಸಿಕ್ಕಿತು, ಎಲ್ಲವನ್ನೂ ಹೇಳಿದೆ. ಟಿ. ದಾಸರಹಳ್ಳಿಯಿಂದ ಬರುತ್ತಿದ್ದ ಮುನಿರತ್ನ ಎಂಬವಳು, ಆರು ವರ್ಷ ನನ್ನ ಪಕ್ಕದ ಬೆಂಚಿನಲ್ಲಿ ಕೂತವಳು, ಕೇಳಿದಳು: "ಎರಡು ಪಾಳಿ ಅಂತ ಹೇಳಿದ್ರೆ ಸಿಕ್ತಿತ್ತಾ ಮೇಡಂ?"

"ಸಿಕ್ತಿತ್ತೇನೋ."

"ಹೇಳ್ಬೇಕಿತ್ತು ಕಣ್ರೀ."

ಯಾರೂ ಅವಳನ್ನು ಸುಮ್ಮನಿರು ಎನ್ನಲಿಲ್ಲ. ಮುಂದಿನ ವರ್ಷ ನಾನೂ ಖಾದರ್ ಸಾಹೇಬರೂ ಮತ್ತೆ ಹೋಗಿ, ಕೇಳಿದ್ದರಲ್ಲಿ ಅರ್ಧ ತಂದೆವು. ಒಂದು ಯಂತ್ರ ಬಂತು, ಹದಿಮೂರರಲ್ಲಿ ಐವರು ವಾಪಸು ಬಂದರು. ಮುನಿರತ್ನ ಬರಲಿಲ್ಲ. ಅಷ್ಟರಲ್ಲಿ ಅವಳು ಪೀಣ್ಯದ ಗಾರ್ಮೆಂಟ್ಸ್‌ಗೆ ಸೇರಿದ್ದಳು. ಆದರೆ ಇದೆಲ್ಲ ಆಮೇಲಿನದು. ಆ ದಿನ ಕ್ಯಾಂಟೀನಿನಿಂದ ಎಲ್ಲರೂ ಎದ್ದು ಹೋದ ಮೇಲೆ ಅವಳು ಮಾತ್ರ ತಿರುಗಿ ಬಂದು, ಒಂದು ಲೋಟ ಬಿಸಿನೀರು ನನ್ನ ಮುಂದಿಟ್ಟಳು.

"ಆವಾಗ್ಲಿಂದ ಕೆಮ್ತಿದೀರಿ," ಎಂದಳು. "ಕುಡೀರಿ." ಲೋಟ ಖಾಲಿಯಾಗುವವರೆಗೆ ಪಕ್ಕದಲ್ಲಿ ನಿಂತಿದ್ದು, ತೊಳೆದಿಟ್ಟು ಹೋದಳು.